ತುಂಗಮ್ಮ ಮಾಲೀಕರಾಗಿದ್ದ ಎರಡು ವರ್ಷ

ತುಂಗಮ್ಮನಿಗೆ ಅರವತ್ತಾರು ತುಂಬಿದ ವರ್ಷ ಮಗ ಅರವಿಂದ ತನ್ನ ವ್ಯಾಪಾರವನ್ನು ಅವರ ಹೆಸರಿಗೆ ಮಾಡಿದ. ಅದುವರೆಗೆ ಅವರ ಹೆಸರಿನಲ್ಲಿ ಇದ್ದದ್ದೆಂದರೆ ಅಡುಗೆಮನೆಯ ಗ್ಯಾಸ್ ಕನೆಕ್ಷನ್ ಮತ್ತು ಗಂಡ ಹೋದ ಮೇಲೆ ಬರುತ್ತಿದ್ದ ರೈಲ್ವೆ ಪೆನ್ಷನ್ನಿನ ಖಾತೆ. ಟಾಲಿಗಂಜಿನ ಎರಡು ಕೋಣೆಯ ಫ್ಲ್ಯಾಟು ಕೂಡ ಗಂಡ ಹಯವದನರಾಯರ ಹೆಸರಿನಲ್ಲೇ ಇತ್ತು. ಬದಲಾಯಿಸಬೇಕು ಅಂತ ತಾಯಿ ಮಗ ಇಬ್ಬರೂ ಅಂದುಕೊಳ್ಳುತ್ತಿದ್ದರು, ಯಾರೂ ಎದ್ದು ಹೋಗಿರಲಿಲ್ಲ.

ರಾಯರು ನಂಜನಗೂಡಿನ ಕಡೆಯವರು. ಗಾರ್ಡನ್ ರೀಚಿನ ರೈಲ್ವೆ ಕಚೇರಿಗೆ ಗುಮಾಸ್ತರಾಗಿ ಸೇರಿ ಅಲ್ಲೇ ನಿವೃತ್ತರಾದವರು. ತುಂಗಮ್ಮ ಮದುವೆಯಾಗಿ ಬಂಗಾಳದ ಈ ಊರಿಗೆ ಬಂದಾಗ ಬಂಗಾಳಿ ಕಲಿತದ್ದು ಬಾಗಿಲಿಗೆ ಬರುವ ಮೀನಿನವಳನ್ನು ವಾಪಸು ಕಳಿಸುವುದಕ್ಕೆ. ಆಮೇಲೆ ಅದೇ ಬಂಗಾಳಿಯಲ್ಲಿ ಬೀದಿಯ ಹೆಂಗಸರ ಜೊತೆ ದುರ್ಗಾಪೂಜೋ ಚಂದಾದಿಂದ ಹಿಡಿದು ಮಂಡಿನೋವಿನವರೆಗೆ ಎಲ್ಲವನ್ನೂ ಮಾತಾಡುವಷ್ಟಾದರು. ಮನೆಯೊಳಗೆ ಮಾತ್ರ ಅಪ್ಪಟ ಮೈಸೂರು ಕನ್ನಡ.

ಅರವಿಂದ ಒಬ್ಬನೇ ಮಗ. ಬಿಕಾಂ ಮುಗಿಸಿ ಬ್ಯಾಂಕಿನ ಪರೀಕ್ಷೆ ಎರಡು ಸಲ ಬರೆದ. ಮೂರನೆಯ ಸಲ ಬರೆಯುವ ಬದಲು ಟಾಲಿಗಂಜಿನ ಒಂದು ಸ್ಟುಡಿಯೋದಲ್ಲಿ ಲೈಟು ಹೊರುವ ಕೆಲಸಕ್ಕೆ ಸೇರಿಕೊಂಡ. ರಾಯರು ಅವನ ಜೊತೆ ಮಾತು ಬಿಟ್ಟರು. ಆದರೆ ನಿವೃತ್ತರಾದ ಮೇಲೆ ಕೈಗೆ ಬಂದ ದುಡ್ಡಿನಲ್ಲಿ ಒಂದು ಪಾಲು ತೆಗೆದು ಅವನಿಗೆ ಕೊಟ್ಟವರೂ ಅವರೇ. ಆ ದುಡ್ಡಿನಲ್ಲಿ ಅರವಿಂದ ಹಳೆಯ ಲೈಟು, ಸ್ಟ್ಯಾಂಡು, ಕೇಬಲ್ಲುಗಳನ್ನು ಕೊಂಡು, ಸ್ಟುಡಿಯೋದ ಹಿಂದಿನ ಗಲ್ಲಿಯಲ್ಲಿ ಒಂದು ತಗಡಿನ ಗೋಡೌನ್ ಬಾಡಿಗೆಗೆ ಹಿಡಿದ. ಸೀರಿಯಲ್ಲು, ಜಾಹೀರಾತು, ಒಮ್ಮೊಮ್ಮೆ ಸಿನಿಮಾ, ಹೀಗೆ ಶೂಟಿಂಗಿಗೆ ಲೈಟು ಬಾಡಿಗೆ ಕೊಡುವುದು ಅವನ ವ್ಯಾಪಾರ. ಲೈಟಿನ ಜೊತೆ ಅದನ್ನು ಕಟ್ಟುವ ಕೆಲಸಗಾರರನ್ನೂ ಕಳಿಸಬೇಕು. ಅವರಲ್ಲಿ ಹಿರಿಯ ಋಷಿಕೇಶ್, ಅರವಿಂದನಿಗೇ ಕೆಲಸ ಕಲಿಸಿದವನು.

ಮಾನಸ ಬೆಂಗಳೂರಿನ ಹುಡುಗಿ. ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿ ಬಂದಿದ್ದಳು. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ವೇದಿಕೆಯ ಲೈಟು ಕಟ್ಟಲು ಹೋಗಿದ್ದ ಅರವಿಂದನ ಪರಿಚಯವಾಯಿತು, ವರ್ಷದೊಳಗೆ ಮದುವೆಯಾಯಿತು, ಇಂಚರ ಹುಟ್ಟಿದಳು. ಸಂಸಾರ ಕೆಟ್ಟದ್ದಕ್ಕೆ ಇಂಥದ್ದೇ ಕಾರಣ ಅಂತ ಹೇಳಲು ತುಂಗಮ್ಮನಿಗೆ ಇವತ್ತಿಗೂ ಬರುವುದಿಲ್ಲ. ಅವನು ಶೂಟಿಂಗ್ ಮುಗಿಸಿ ಬೆಳಗಿನ ಜಾವ ಬರುವ ಹೊತ್ತಿಗೆ ಅವಳ ಆಫೀಸಿನ ಕ್ಯಾಬು ಬಂದು ನಿಂತಿರುತ್ತಿತ್ತು. ಜಗಳವಾಡುವುದಕ್ಕೂ ಇಬ್ಬರೂ ಒಟ್ಟಿಗೆ ಮನೆಯಲ್ಲಿ ಸಿಗುತ್ತಿರಲಿಲ್ಲ. ಇಂಚರಳಿಗೆ ಆರು ವರ್ಷವಾದಾಗ ಒಪ್ಪಿಗೆಯ ಮೇಲೆಯೇ ವಿಚ್ಛೇದನವಾಯಿತು. ಮಗು ಅಮ್ಮನ ಜೊತೆ ಸಾಲ್ಟ್ ಲೇಕಿನ ಬಾಡಿಗೆ ಮನೆಯಲ್ಲಿ, ಭಾನುವಾರ ಅಜ್ಜಿಯ ಮನೆಯಲ್ಲಿ. ಮಾನಸ ತನಗೆ ಏನೂ ಬೇಡವೆಂದಳು. ಮಗುವಿನ ಜೀವನಾಂಶ ಅಂತ ಅರವಿಂದ ತಿಂಗಳಿಗೆ ಹದಿನೆಂಟು ಸಾವಿರ ಕೊಡಬೇಕೆಂದು ಆಯಿತು.

ಅಲ್ಲಿಂದ ತೊಂದರೆ ಶುರು. ಸಂಬಳದವನಾಗಿದ್ದರೆ ಒಂದನೇ ತಾರೀಕು ಬಂದದ್ದರಲ್ಲಿ ಎತ್ತಿಟ್ಟು ಕೊಡುತ್ತಿದ್ದ. ಅರವಿಂದನಿಗೆ ಒಂದನೇ ತಾರೀಕು ಎಂಬುದೇ ಇರಲಿಲ್ಲ. ಸೀರಿಯಲ್ಲಿನವರು ಬಿಲ್ಲು ತೆಗೆದುಕೊಂಡು ನಾಲ್ಕು ತಿಂಗಳು ಸುಮ್ಮನಿರುವರು, ಒಂದು ದಿನ ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಹಾಕುವರು. ಅದು ಬಂದ ದಿನವೇ ಲಾರಿಯವನಿಗೆ, ಜನರೇಟರಿನವನಿಗೆ, ಕೆಲಸಗಾರರಿಗೆ ಹೋಗುತ್ತಿತ್ತು. ಒಂದು ತಿಂಗಳು ಮಗುವಿನ ದುಡ್ಡು ಕೊಟ್ಟರೆ ಎರಡು ತಿಂಗಳು ತಪ್ಪಿಸುವನು, ಆಮೇಲೆ ಒಟ್ಟಿಗೆ ಕೊಡುವನು. ಮಾನಸ ಮೊದಲ ವರ್ಷ ಕಾದಳು. ಅಷ್ಟರಲ್ಲಿ ಅವಳ ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸಿತು. ಸಿಕ್ಕ ಹೊಸ ಕೆಲಸದಲ್ಲಿ ಸಂಬಳ ಕಡಿಮೆ, ಇಂಚರಳ ಶಾಲೆಯ ಫೀಸು ಜಾಸ್ತಿ. ಬಾಕಿಯನ್ನೂ ಕೊಡಿಸಬೇಕು, ಮೊತ್ತವನ್ನೂ ಹೆಚ್ಚಿಸಬೇಕು ಎಂದು ಅವಳು ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕಿದಳು. ಅವಳ ವಕೀಲೆ ಅರವಿಂದನ ಜಿಎಸ್‌ಟಿ ದಾಖಲೆಗಳನ್ನು ತೆಗೆಸಿ, ವರ್ಷಕ್ಕೆ ಇಷ್ಟು ಲಕ್ಷದ ಬಿಲ್ಲು ಮಾಡುವವನಿಗೆ ಮಗಳನ್ನು ಸಾಕಲು ಆಗುವುದಿಲ್ಲವೇ ಎಂದು ಕೇಳಿದಳು.

ಅರವಿಂದನಿಗೆ ಉರಿದದ್ದು ಅಲ್ಲೇ. ಬಿಲ್ಲಿನ ದುಡ್ಡೆಲ್ಲ ತನ್ನ ಜೇಬಿಗೆ ಬಂದಂತೆ ಮಾತಾಡುತ್ತಾರೆ, ಅದರಲ್ಲಿ ತನಗೆ ಉಳಿಯುವುದು ಎಷ್ಟು ಅಂತ ಯಾರೂ ಕೇಳುವುದಿಲ್ಲ ಅಂತ ಊಟದ ತಟ್ಟೆಯ ಮುಂದೆ ಕೂತು ತಾಯಿಯ ಹತ್ತಿರ ಹೇಳುತ್ತಿದ್ದ. ಅವನ ವಕೀಲ ಮಿಹಿರ್‌ಬಾಬು ಒಂದು ದಾರಿ ಹೇಳಿದರು. ಹಳೆಯ ಲೈಸೆನ್ಸ್ ಮುಚ್ಚಿ ತಾಯಿಯ ಹೆಸರಿನಲ್ಲಿ ಹೊಸದು ತೆಗೆಯುವುದು, ಸಾಮಾನುಗಳನ್ನು ಕಾಗದದ ಮೇಲೆ ಅವರಿಗೆ ಮಾರುವುದು, ಅರವಿಂದ ಅಲ್ಲಿ ಸಂಬಳಕ್ಕಿರುವ ಮ್ಯಾನೇಜರ್ ಆಗುವುದು. ಮಿಹಿರ್‌ಬಾಬು ಒಂದು ಸಂಜೆ ಮನೆಗೇ ಬಂದು, ತುಂಗಮ್ಮನನ್ನು ಚಿಕ್ಕಮ್ಮ ಅನ್ನುವ ಹಾಗೆ ಮಾಸಿಮಾ ಅಂತ ಕರೆದು, ಎಲ್ಲರೂ ಮಾಡುವುದೇ ಇದು, ಮಾಸಿಮಾ ಬರೀ ಸಹಿ ಹಾಕಿದರಾಯಿತು ಅಂದರು.

ತುಂಗಮ್ಮ ಮಗನನ್ನು ಕೇಳಿದ್ದು ಒಂದೇ ಮಾತು, ಇದರಿಂದ ಮಗೂಗೆ ಏನೂ ಕಮ್ಮಿಯಾಗುವುದಿಲ್ಲ ತಾನೆ ಅಂತ. ಅವನು, ಕೋರ್ಟಿನವರು ಇಲ್ಲದ ದುಡ್ಡು ಕೇಳುವುದು ನಿಲ್ಲುತ್ತೆ ಅಷ್ಟೆ, ಇಂಚರಳಿಗೆ ಬೇಕಾದ್ದನ್ನು ನಾನು ಬಿಡ್ತೀನಾ ಅಂದ. ಅವನ ಕಣ್ಣಿನ ಕೆಳಗಿನ ಕಪ್ಪು ನೋಡಿ ಅವರು ಮುಂದೆ ಕೇಳಲಿಲ್ಲ.

ಹೀಗೆ ಅವರು ಮಾಲೀಕರಾದರು. ಫೋಟೋ ತೆಗೆಸಿದರು, ಬ್ಯಾಂಕಿನಲ್ಲಿ ಯಂತ್ರದ ಮೇಲೆ ಬೆರಳಿಟ್ಟರು, ತೋರಿಸಿದಲ್ಲೆಲ್ಲ ಕನ್ನಡದಲ್ಲೇ ಸಹಿ ಹಾಕಿದರು. ಗೋಡೌನಿನ ಮುಂದೆ ‘ತುಂಗಾ ಲೈಟ್ಸ್’ ಎಂಬ ಬೋರ್ಡು ಬಂತು. ಆ ವರ್ಷದ ಪೂಜೋ ಬೋನಸ್ಸನ್ನು ಅರವಿಂದ ಅವರ ಕೈಯಿಂದಲೇ ಕೆಲಸಗಾರರಿಗೆ ಕೊಡಿಸಿದ. ಋಷಿಕೇಶ್ ಕಾಲು ಮುಟ್ಟಿ ನಮಸ್ಕಾರ ಮಾಡಿ, ಇನ್ನು ಮೇಲೆ ನಿಮ್ಮನ್ನು ಮಾಲ್ಕಿನ್ ಅನ್ನಬೇಕು ಅಂತ ನಕ್ಕ. ತುಂಗಮ್ಮನಿಗೂ ನಗು ಬಂತು. ನಿಜ ಹೇಳಬೇಕೆಂದರೆ ಅವತ್ತು ಅವರಿಗೆ ಸ್ವಲ್ಪ ಖುಷಿಯೇ ಆಗಿತ್ತು.

ಅಷ್ಟು ಬಿಟ್ಟರೆ ಅಂಗಡಿಯ ಮಾಲೀಕತ್ವ ಅವರ ಪಾಲಿಗೆ ತಿಂಗಳಿಗೊಮ್ಮೆ ಚೆಕ್ಕುಗಳಿಗೆ ಸಹಿ ಹಾಕುವ ಕೆಲಸವಾಗಿತ್ತು. ಅರವಿಂದ ಬೆಳಿಗ್ಗೆ ಕಾಫಿ ಕುಡಿಯುತ್ತ ಚೆಕ್ಕಿನ ಹಾಳೆಗಳನ್ನು ಮುಂದಿಡುವನು, ಅವರು ಒಗ್ಗರಣೆ ಮುಗಿಸಿ ಕೈ ಒರೆಸಿಕೊಂಡು ಬಂದು ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಡುವರು.

ಚಳಿಗಾಲದ ಒಂದು ಭಾನುವಾರ ಇಂಚರ ಬಂದಾಗ ತುಂಗಮ್ಮ ಅವಳಿಗೆ ಜಡೆ ಹಾಕುತ್ತಿದ್ದರು. ಚಳಿ ಶುರುವಾಗುವವರೆಗೆ ಮಗು ಭಾನುವಾರ ಸಂಜೆ ಸದರ್ನ್ ಅವೆನ್ಯೂ ಪಕ್ಕದ ಸರೋವರದ ಕ್ಲಬ್ಬಿಗೆ ಈಜು ಕಲಿಯಲು ಹೋಗುತ್ತಿದ್ದಳು. ಬೇಸಿಗೆಗೆ ಮತ್ತೆ ಯಾವಾಗ ಸೇರುವುದು ಅಂತ ಅವರು ಕೇಳಿದರು. ಇಂಚರಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಮೂರು ಭಾಷೆಯ ಮಧ್ಯೆ ಎಡವುತ್ತದೆ. ಸ್ವಿಮ್ಮಿಂಗ್ ಸ್ಟಾಪ್ ಆಯ್ತು ಅಂದಳು. ಯಾಕೆ ಅಂದರೆ, ಪಪ್ಪಾ ಈಗ ಕಮ್ಮಿ ಕೊಡ್ತಾರೆ, ಜಡ್ಜ್ ಹಾಗೆ ಹೇಳಿದ್ದಾರೆ ಅಂದಳು. ಆಮೇಲೆ ಕುತ್ತಿಗೆ ತಿರುಗಿಸಿ ಅಜ್ಜಿಯ ಮುಖ ನೋಡಿ ಕೇಳಿದಳು.

“ಅಜ್ಜಿ, ಶಾಪ್ ನಿಂದೇನಾ? ಪಪ್ಪಾದು ಅಲ್ವಂತೆ.”

“ಯಾರು ಹೇಳಿದ್ರು ನಿಂಗೆ?”

“ಅಮ್ಮ ಫೋನಲ್ಲಿ ಮಾತಾಡ್ತಿದ್ಳು. ನಿಂದಾದ್ರೆ ನೀನೇ ಪೇ ಮಾಡ್ಬೋದಲ್ವಾ?”

ಕೋಪವಿರಲಿಲ್ಲ ಆ ಪ್ರಶ್ನೆಯಲ್ಲಿ. ತರಗತಿಯಲ್ಲಿ ಲೆಕ್ಕ ಅರ್ಥವಾಗದೆ ಕೇಳುವ ಹಾಗೆ ಕೇಳಿದ್ದಳು. ತುಂಗಮ್ಮ ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತ, ಉಂಡೆ ಇದೆ ತಿಂತೀಯಾ ಅಂತ ಮಾತು ತೇಲಿಸಿದರು. ಮಗು ಹೋದ ಮೇಲೆ ಅರವಿಂದನನ್ನು ಕೇಳಿದರು. ಅವನ ಸಂಬಳದ ಚೀಟಿ ನೋಡಿ ಕೋರ್ಟು ಅರ್ಜಿ ಮುಗಿಯುವವರೆಗೆ ತಿಂಗಳಿಗೆ ಏಳು ಸಾವಿರ ಕೊಟ್ಟರೆ ಸಾಕು ಅಂದಿದೆಯಂತೆ. ಆಗಲೇ ಮೂರು ತಿಂಗಳಾಗಿತ್ತು. ನಂಗೆ ಹೇಳಲಿಲ್ಲವಲ್ಲೋ ಅಂದರು. ನಿಂಗೆ ಯಾಕೆ ತಲೆನೋವು ಅಂತ ಹೇಳಲಿಲ್ಲ ಅಂದ. ಕೈಯಲ್ಲಿ ದುಡ್ಡಾದಾಗ ಮೇಲೆ ಹಾಕಿ ಕೊಡುವೆ ಅಂತಲೂ ಅಂದ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ತುಂಗಮ್ಮನಿಗೆ ಅನಿಸಲಿಲ್ಲ. ಆದರೆ ಅವನ ಕೈಯಲ್ಲಿ ಯಾವತ್ತೂ ದುಡ್ಡಾಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ಫೆಬ್ರವರಿಯಲ್ಲಿ ಋಷಿಕೇಶ್ ಬಿದ್ದ. ಒಂದು ಹಳೆಯ ಬಂಗಲೆಯಲ್ಲಿ ಸೀರಿಯಲ್ ಶೂಟಿಂಗ್ ನಡೆಯುತ್ತಿತ್ತು. ಬಿದಿರಿನ ಅಟ್ಟ ಹತ್ತಿ ಲೈಟು ತಿರುಗಿಸುತ್ತಿದ್ದಾಗ ಗಂಟು ಸಡಿಲವಾಗಿ ಕೆಳಗೆ ಬಂದ. ಸೊಂಟದ ಮೂಳೆ ಮುರಿಯಿತು. ಅರವಿಂದ ಆಗ ಇನ್ನೊಂದು ಶೂಟಿಂಗಿಗಾಗಿ ಬೋಲ್ಪುರಕ್ಕೆ ಹೋಗಿದ್ದ. ಮಧ್ಯಾಹ್ನ ಮೂರರ ಹೊತ್ತಿಗೆ ತುಂಗಮ್ಮನ ಬಾಗಿಲಿಗೆ ಪೊಲೀಸಿನವನೊಬ್ಬ ಬಂದು, ತುಂಗಾ ಲೈಟ್ಸಿನ ಮಾಲೀಕರು ಯಾರು ಅಂದ. ಅವರು ಮಗ ಊರಿನಲ್ಲಿಲ್ಲ ಅಂದರು. ಮಗ ಅಲ್ಲ ಮಾಸಿಮಾ, ಲೈಸೆನ್ಸಿನಲ್ಲಿ ನಿಮ್ಮ ಹೆಸರಿದೆ ಅಂದ ಅವನು, ಗೌರವದಿಂದಲೇ.

ಠಾಣೆಯ ಬೆಂಚಿನ ಮೇಲೆ ಅವರು ಸಂಜೆಯವರೆಗೆ ಕೂತಿದ್ದರು. ಕೆಲಸಗಾರನಿಗೆ ಇನ್ಶೂರೆನ್ಸ್ ಇತ್ತೇ, ಸೇಫ್ಟಿ ಬೆಲ್ಟು ಕೊಟ್ಟಿದ್ದಿರೇ, ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದ ಎಂದು ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೂ ಅವರಿಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿಂದ ಆಸ್ಪತ್ರೆಗೆ ಹೋದರು. ಋಷಿಕೇಶನ ಹೆಂಡತಿ ವಾರ್ಡಿನ ಹೊರಗೆ ಗೋಡೆಗೊರಗಿ ಕೂತಿದ್ದಳು. ಇವರನ್ನು ನೋಡಿ ಎದ್ದು ನಿಂತಳು. ಆಪರೇಷನ್ನಿಗೆ ಎಷ್ಟಾದರೂ ನೀವು ಕೊಡುತ್ತೀರಿ ಅಂತ ಎಲ್ಲರೂ ಹೇಳಿದರು, ಅದಕ್ಕೇ ನಾನು ಅಳಲಿಲ್ಲ ಅಂದಳು. ತುಂಗಮ್ಮ ಅವಳ ಕೈ ಹಿಡಿದುಕೊಂಡು, ಕೊಡುತ್ತೇವೆ ಅಂದರು. ಕೊಡುತ್ತೇವೆ ಅನ್ನುವಾಗ ಅದು ಎಲ್ಲಿಂದ ಬರುತ್ತದೆ ಅಂತ ಅವರಿಗೆ ತಿಳಿದಿರಲಿಲ್ಲ. ಆ ದಿನ ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಮಂಚದ ಮೇಲೆ ಕೂತುಬಿಟ್ಟರು. ತನ್ನದು ಅಂತ ಬರೆದಿರುವ ಅಂಗಡಿಗೆ ತಾನು ಇಷ್ಟು ಹೊರಬೇಕಾದರೆ, ಅದರಲ್ಲಿ ತನ್ನ ಮಾತು ಯಾಕೆ ನಡೆಯಬಾರದು ಎಂಬ ಯೋಚನೆ ಅವರಿಗೆ ಬಂದದ್ದು ಆಗಲೇ.

ಅರವಿಂದ ಬಂದು ಸಾಲ ಮಾಡಿ ಆಸ್ಪತ್ರೆಗೆ ಕಟ್ಟಿದ. ಋಷಿಕೇಶ್ ಬದುಕಿಕೊಂಡ, ಅಟ್ಟ ಹತ್ತುವ ಕೆಲಸಕ್ಕೆ ಮತ್ತೆ ಬರಲಿಲ್ಲ.

ಏಪ್ರಿಲ್‌ನಲ್ಲಿ ಇಂಚರಳ ಶಾಲೆಯ ಫೀಸು ಕಟ್ಟುವ ಗಡುವು ಹತ್ತಿರ ಬಂದದ್ದು ಮಗುವಿನ ಬಾಯಿಂದಲೇ ಗೊತ್ತಾಯಿತು. ಫೀಸು ಕಟ್ಟದವರ ಹೆಸರನ್ನು ಮಿಸ್ ಓದುತ್ತಾರಂತೆ. ಆ ತಿಂಗಳು ಅರವಿಂದ ಚೆಕ್ಕಿನ ಹಾಳೆಗಳನ್ನು ಇಟ್ಟು ಸ್ನಾನಕ್ಕೆ ಹೋದಾಗ ತುಂಗಮ್ಮ ಎಲ್ಲಕ್ಕೂ ಸಹಿ ಹಾಕಿ, ಒಂದನ್ನು ತೆಗೆದು ಸೆರಗಿಗೆ ಸೇರಿಸಿದರು. ಪಕ್ಕದ ಮನೆಯ ಕಾಲೇಜು ಹುಡುಗಿಯ ಹತ್ತಿರ ಶಾಲೆಯ ಹೆಸರು, ಮೊತ್ತ ಎಲ್ಲ ಇಂಗ್ಲಿಷಿನಲ್ಲಿ ಬರೆಸಿದರು. ಮರುದಿನ ಬಸ್ಸು ಬದಲಿಸಿ ಶಾಲೆಯವರೆಗೆ ಹೋಗಿ ಕೌಂಟರಿನಲ್ಲಿ ಕೊಟ್ಟು ರಸೀದಿ ತಂದರು. ಬ್ಯಾಂಕಿನಿಂದ ಫೋನು ಬಂದಾಗ, ಹೌದು ನಾನೇ ಕೊಟ್ಟದ್ದು ಅಂದರು. ಅಷ್ಟೇ ಸುಲಭವಾಗಿತ್ತು.

ಆ ವಾರವೇ ಲಾರಿಯವನಿಗೆ ಅರವಿಂದ ಕೊಟ್ಟಿದ್ದ ಚೆಕ್ಕು ಖಾತೆಯಲ್ಲಿ ದುಡ್ಡು ಸಾಲದೆ ವಾಪಸಾಯಿತು. ಮೊದಲೇ ಎರಡು ಸಲ ಕಾದಿದ್ದ ಅವನು ಲಾರಿ ಕಳಿಸುವುದಿಲ್ಲ ಅಂದುಬಿಟ್ಟ. ಬೆಳಿಗ್ಗೆ ಆರಕ್ಕೆ ತಲುಪಬೇಕಿದ್ದ ಲೈಟುಗಳು ಹತ್ತಾದರೂ ಗೋಡೌನಿನಲ್ಲೇ ಇದ್ದವು. ಸೀರಿಯಲ್ಲಿನವರು ಬೇರೆಯವರಿಂದ ಲೈಟು ತರಿಸಿಕೊಂಡರು, ಮಾರನೆಯ ದಿನವೂ ಅವರಿಂದಲೇ, ಆಮೇಲೂ ಅವರಿಂದಲೇ. ವರ್ಷಪೂರ್ತಿ ನಡೆಯುವ ಆ ಕೆಲಸವೇ ಅರವಿಂದನ ವ್ಯಾಪಾರದ ಬೆನ್ನೆಲುಬಾಗಿತ್ತು.

ಅವನು ಕೂಗಾಡುತ್ತಾನೆ ಅಂತ ತುಂಗಮ್ಮ ಕಾದರು. ಅವನು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತುಕೊಂಡ.

“ಅದು ನನ್ನ ದುಡ್ಡಲ್ಲಮ್ಮ. ಲಾರಿಯವನದು. ನಮ್ಮ ಖಾತೆಯಲ್ಲಿ ಇರೋದೆಲ್ಲ ಬೇರೆಯವರದೇ.”

“ಹಾಗಿದ್ರೆ ಅವಳ ಫೀಸು ಯಾರದೋ ಅರವಿಂದ?”

ಅವನು ಬಗ್ಗಿ ಚಪ್ಪಲಿ ಬಿಚ್ಚಿದ. ನನ್ನ ಕೇಳಬೇಕಿತ್ತು ಅಂದ. ಕೇಳಿದ್ದರೆ ನೀನು ಬೇಡ ಅಂತಿದ್ದೆ ಅಂದರು ಇವರು. ಹೌದು ಅಂತ ಅವನೂ ಒಪ್ಪಿಕೊಂಡ. ಲಾರಿ, ಲೈಟು, ಬಿಲ್ಲು ಇವು ಒಂದಕ್ಕೊಂದು ಹೇಗೆ ತಗುಲಿಕೊಂಡಿವೆ ಅಂತ ಅವತ್ತು ತುಂಗಮ್ಮನಿಗೆ ಮೊದಲ ಸಲ ಅರ್ಥವಾಯಿತು. ಮಗುವಿಗೆ ಒಳ್ಳೆಯದು ಮಾಡಲು ಹೋಗಿ ಮಗುವಿಗೆ ದುಡ್ಡು ಬರುವ ದಾರಿಯನ್ನೇ ಮುಚ್ಚಿದೆನೇನೋ ಎಂದು ಅವರಿಗೆ ಊಟ ಸೇರಲಿಲ್ಲ. ಆದರೂ ಮತ್ತೆ ಅದೇ ಪರಿಸ್ಥಿತಿ ಬಂದರೆ ಏನು ಮಾಡುವೆ ಎಂದು ತಮ್ಮನ್ನು ಕೇಳಿಕೊಂಡರೆ, ಅದನ್ನೇ ಮಾಡುವೆ ಅನಿಸುತ್ತಿತ್ತು.

ಆ ಚೆಕ್ಕು ಕೋರ್ಟಿಗೂ ಹೋಯಿತು. ಅಜ್ಜಿ ಪ್ರೀತಿಯಿಂದ ಫೀಸು ಕಟ್ಟುತ್ತಿದ್ದಾರೆ, ಮಗುವಿಗೆ ಕೊರತೆ ಎಲ್ಲಿದೆ ಅಂತ ಮಿಹಿರ್‌ಬಾಬು ವಾದಿಸಿದರು. ಅಂಗಡಿಗೆ ಫೀಸು ಕಟ್ಟುವ ಶಕ್ತಿಯಿದೆ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಂಗಡಿ ಯಾರದು ಅಂತ ಆ ತಾಯಿಯನ್ನೇ ಕರೆದು ಕೇಳೋಣ ಎಂದಳು ಮಾನಸಳ ವಕೀಲೆ. ತುಂಗಮ್ಮನ ಹೆಸರಿಗೆ ಸಮನ್ಸ್ ಬಂತು.

ಹಾಜರಾಗುವ ಮೊದಲಿನ ವಾರ ಮಾನಸ ಫೋನು ಮಾಡಿ ಭೇಟಿಯಾಗಬೇಕು ಅಂದಳು. ಮನೆಗೆ ಬರಲು ಅವಳಿಗೆ ಮನಸ್ಸಿರಲಿಲ್ಲ. ಇಬ್ಬರೂ ಸದರ್ನ್ ಅವೆನ್ಯೂ ಕಡೆಯ ಗೇಟಿನಿಂದ ಒಳಗೆ ಹೋಗಿ ಸರೋವರದ ದಂಡೆಯ ಕಲ್ಲುಬೆಂಚಿನ ಮೇಲೆ ಕೂತರು. ಮಾನಸಳ ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿದ್ದನ್ನು ತುಂಗಮ್ಮ ಅವತ್ತು ಗಮನಿಸಿದರು. ಅವಳು ಫೀಸಿನ ವಿಷಯ ಎತ್ತಿದಳು, ಥ್ಯಾಂಕ್ಸ್ ಅನ್ನಲಿಲ್ಲ. ಹಾಗೆ ಒಂದು ಸಲ ಕೊಟ್ಟರೆ ತನಗೆ ಕಷ್ಟವೇ ಹೆಚ್ಚು, ಪ್ರತಿ ತಿಂಗಳು ಇಂತಿಷ್ಟು ಬರುತ್ತದೆ ಅಂತ ಗೊತ್ತಿದ್ದರೆ ಅದರ ಮೇಲೆ ಮನೆ ನಡೆಸಬಹುದು, ಬಂದರೂ ಬರಬಹುದು ಅಂದುಕೊಂಡು ಎಷ್ಟು ವರ್ಷ ಇರುವುದು ಅಂದಳು.

“ಅತ್ತೆ, ನಿಮ್ಮನ್ನ ಅಲ್ಲಿ ನಿಲ್ಲಿಸ್ಬೇಕು ಅಂತ ನಂಗೇನೂ ಆಸೆ ಇಲ್ಲ. ನೀವು ಮಗನ ಪರವಾಗೇ ಹೇಳಿ, ನಾನು ತಪ್ಪು ತಿಳ್ಕೊಳ್ಳಲ್ಲ. ಆದ್ರೆ ಅವರು ಆ ಅಂಗಡೀನ ನಿಮ್ಮ ಹೆಸರಿಗೆ ಮಾಡ್ದಾಗ ಇಂಚರಳ ಹೆಸರು ಒಂದ್ಸಲನಾದ್ರೂ ನೆನಪಾಯ್ತಾ ಅಂತ ಅಷ್ಟೇ ನನಗೆ.”

ನಾನು ಕೇಳಿದ್ದೆ ಕಣೇ ಅಂತ ಹೇಳಲು ತುಂಗಮ್ಮ ಬಾಯಿ ತೆರೆದರು. ಕೇಳಿದ್ದು ನಿಜ, ಕೇಳಿದ ಮೇಲೆ ಸಹಿ ಹಾಕಿದ್ದೂ ನಿಜ. ಸೆರಗು ಸರಿಮಾಡಿಕೊಂಡು ಎದ್ದರು. ಮಾನಸ ಅವರಿಗೆ ಆಟೋ ಹಿಡಿದು ಕೂರಿಸಿ, ತಾನು ಮೆಟ್ರೋ ಕಡೆ ನಡೆದಳು.

ಮಿಹಿರ್‌ಬಾಬು ಹೇಳಿಕೊಟ್ಟದ್ದು ಕಷ್ಟವೇನಲ್ಲ. ಅಂಗಡಿ ನನ್ನದು, ಮಗ ನನ್ನ ಹತ್ತಿರ ಸಂಬಳಕ್ಕಿದ್ದಾನೆ, ಉಳಿದದ್ದು ನೆನಪಿಲ್ಲ ಅಂದರೆ ಸಾಕು, ವಯಸ್ಸಾದವರನ್ನು ಜಡ್ಜ್ ಹೆಚ್ಚು ಕೇಳುವುದಿಲ್ಲ. ಅರವಿಂದ ಏನೂ ಹೇಳಿಕೊಡಲಿಲ್ಲ. ಕೋರ್ಟಿಗೆ ಹೋಗುವ ದಾರಿಯಲ್ಲಿ ಟ್ಯಾಕ್ಸಿಯಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಅವರ ಸರದಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಜಡ್ಜ್ ಅವರಿಗೆ ಕುರ್ಚಿ ಹಾಕಿಸಿದರು. ಬಂಗಾಳಿಯಲ್ಲೇ ಪ್ರಶ್ನೆ, ಬಂಗಾಳಿಯಲ್ಲೇ ಉತ್ತರ. ಅಂಗಡಿಯಲ್ಲಿ ಎಷ್ಟು ಲೈಟುಗಳಿವೆ ಎಂದು ವಕೀಲೆ ಕೇಳಿದಳು, ಗೊತ್ತಿಲ್ಲ ಅಂದರು. ಬಾಡಿಗೆ ಎಷ್ಟೆಂದು ನಿರ್ಧರಿಸುವವರು ಯಾರು ಅಂದರೆ, ಮಗ ಅಂದರು. ಅಂಗಡಿಯ ದುಡ್ಡಿನಲ್ಲಿ ನಿಮಗೆಂದು ಏನಾದರೂ ತೆಗೆದುಕೊಂಡಿದ್ದೀರಾ ಅಂದರೆ, ಒಂದು ಸಲ, ಮೊಮ್ಮಗಳ ಫೀಸಿಗೆ ಅಂದರು. ಆಗ ಜಡ್ಜ್ ಕನ್ನಡಕ ತೆಗೆದು ತಾವೇ ಕೇಳಿದರು, ಹಾಗಾದರೆ ಈ ಅಂಗಡಿ ಯಾರದು ಅಂತ.

ತುಂಗಮ್ಮ ಮಗನ ಕಡೆ ನೋಡಿದರು. ಅವನು ತಲೆ ತಗ್ಗಿಸಿ ಕೂತಿದ್ದ. ಅವನ ಶರ್ಟಿನ ಕಾಲರು ಹಿಂದಿನಿಂದ ಮಡಚಿಕೊಂಡಿತ್ತು. ಎದ್ದು ಹೋಗಿ ಸರಿಮಾಡಬೇಕು ಅನಿಸಿತು.

“ಹೆಸರು ನನ್ನದು ಸಾರ್, ಅಂಗಡಿ ಅವನದು,” ಅಂದರು. “ಆದರೆ ಅವನ ಹತ್ತಿರ ದುಡ್ಡಿಲ್ಲ ಅನ್ನೋದೂ ಸುಳ್ಳಲ್ಲ. ಅಂಗಡಿಗೆ ಬರೋದು ಬೇರೆ, ಅವನಿಗೆ ಉಳಿಯೋದು ಬೇರೆ. ಅದನ್ನ ಯಾರಾದ್ರೂ ಸರಿಯಾಗಿ ನೋಡಿ. ಅವನನ್ನೂ ನೋಡಿ, ಮಗೂನೂ ನೋಡಿ.”

ಮಿಹಿರ್‌ಬಾಬು ಫೈಲು ಮುಚ್ಚಿದರು.

ಜಡ್ಜ್ ಬೈಯುತ್ತಾರೆ, ದಂಡ ಹಾಕುತ್ತಾರೆ ಅಂತ ತುಂಗಮ್ಮ ಹೆದರಿದ್ದರು. ಅಂಥದ್ದೇನೂ ಆಗಲಿಲ್ಲ. ಹೆಸರು ಬದಲಾಯಿಸಿದ್ದನ್ನು ಈ ಅರ್ಜಿಯ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂದರು. ಮೂರು ವರ್ಷದ ಬ್ಯಾಂಕ್ ಖಾತೆ, ಬರಬೇಕಾದ ಬಾಕಿ, ಕೊಟ್ಟ ಬಾಡಿಗೆ, ಸಾಲ ಎಲ್ಲವನ್ನೂ ಒಪ್ಪಿಸಿ ಖರ್ಚು ಕಳೆದು ನಿಜವಾಗಿ ಉಳಿದದ್ದನ್ನು ತೋರಿಸಬೇಕು, ಮಾನಸಳ ಸಂಬಳವನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು ಅಂದರು. ಅದಕ್ಕೆ ಮತ್ತೆ ತಾರೀಕು, ಆ ತಾರೀಕಿಗೆ ಇನ್ನೊಂದು ತಾರೀಕು. ಮಳೆಗಾಲ ಕಳೆಯಿತು, ಪೂಜೋ ಬಂದು ಹೋಯಿತು. ತುಂಗಾ ಲೈಟ್ಸಿನಲ್ಲಿ ಆ ವರ್ಷ ಬೋನಸ್ಸು ಅರ್ಧ.

ಆ ತಿಂಗಳುಗಳಲ್ಲಿ ಅರವಿಂದ ಅಮ್ಮನ ಜೊತೆ ಬೇಕಾದಷ್ಟೇ ಮಾತಾಡಿದ. ಬಡಿಸಿದ್ದನ್ನು ಉಂಡ, ಔಷಧಿ ತಂದುಕೊಟ್ಟ, ಚೆಕ್ಕುಗಳನ್ನು ಮಾತ್ರ ಖಾಲಿ ಇಡದೆ ಎಲ್ಲ ಬರೆದೇ ತಂದು ಸಹಿಗೆ ಇಡುತ್ತಿದ್ದ. ತಾವು ಮಾಡಿದ್ದು ಸರಿಯೋ ತಪ್ಪೋ ಅಂತ ಕೇಳಲು ತುಂಗಮ್ಮನಿಗೆ ಆ ಊರಿನಲ್ಲಿ ಯಾರೂ ಇರಲಿಲ್ಲ. ಕನ್ನಡ ಸಂಘದ ಹೆಂಗಸರಿಗೆ ವಿಷಯ ಅರ್ಧ ತಿಳಿದಿತ್ತು. ಅವರಲ್ಲಿ ಕೆಲವರು ಮಗನನ್ನೇ ಕೋರ್ಟಿನಲ್ಲಿ ಬಿಟ್ಟುಕೊಟ್ಟವಳು ಅಂತ, ಕೆಲವರು ಧೈರ್ಯವಂತೆ ಅಂತ ಮಾತಾಡಿಕೊಂಡರು. ಎರಡೂ ಕಿವಿಗೆ ಬಿದ್ದಾಗ ಎರಡೂ ತಮ್ಮ ವಿಷಯವಲ್ಲ ಅನಿಸಿತು ಅವರಿಗೆ.

ಕೊನೆಗೆ ಆದೇಶ ಬಂತು. ತಿಂಗಳಿಗೆ ಹದಿನೈದು ಸಾವಿರ, ಶಾಲೆಯ ಫೀಸಿನಲ್ಲಿ ಅರ್ಧ, ಹಳೆಯ ಬಾಕಿ ಕಂತಿನಲ್ಲಿ. ಮಾನಸ ಕೇಳಿದ್ದಕ್ಕಿಂತ ಬಹಳ ಕಡಿಮೆ, ಅರವಿಂದ ಕೊಡಬಲ್ಲೆ ಅಂದದ್ದಕ್ಕಿಂತ ಜಾಸ್ತಿ. ಯಾರಿಗೂ ಗೆದ್ದೆ ಅನಿಸಲಿಲ್ಲ. ಕಾರಿಡಾರಿನಲ್ಲಿ ಇಬ್ಬರೂ ಎದುರುಬದುರಾದಾಗ, ಇಂಚರಳಿಗೆ ಬುಧವಾರದಿಂದ ಜ್ವರ, ಈ ಭಾನುವಾರ ಕಳಿಸುವುದಿಲ್ಲ ಅಂತ ಮಾನಸ ಹೇಳಿದಳು. ಡಾಕ್ಟರಿಗೆ ತೋರಿಸಿದೆಯಾ ಅಂತ ಅರವಿಂದ ಕೇಳಿದ. ತೋರಿಸಿದೆ ಅಂದಳು. ಅಷ್ಟು ಮಾತು ಅವರ ಮಧ್ಯೆ ನಡೆದು ಬಹಳ ಕಾಲವಾಗಿತ್ತು.

ಪ್ರತಿ ತಿಂಗಳು ತಪ್ಪದೆ ಕೊಡಬೇಕೆಂದರೆ ಪ್ರತಿ ತಿಂಗಳು ತಪ್ಪದೆ ಬರಬೇಕು. ಸೀರಿಯಲ್ಲಿನ ಕೆಲಸ ಹೋದ ಮೇಲೆ ಅಂಗಡಿಯಲ್ಲಿ ಅದು ಆಗುವ ಮಾತಾಗಿರಲಿಲ್ಲ. ಚಳಿಗಾಲದಲ್ಲಿ ಅರವಿಂದ ಲೈಟುಗಳನ್ನೆಲ್ಲ ಒಂದು ದೊಡ್ಡ ಬಾಡಿಗೆ ಕಂಪನಿಗೆ ಮಾರಿ, ಸಾಲ ತೀರಿಸಿ, ಅದೇ ಕಂಪನಿಯಲ್ಲಿ ಸಂಬಳಕ್ಕೆ ಸೇರಿಕೊಂಡ. ತಾನು ಕೊಂಡ ಲೈಟುಗಳನ್ನೇ ಈಗ ಬೇರೆಯವರಿಗಾಗಿ ಲಾರಿಗೆ ಹತ್ತಿಸುತ್ತಾನೆ. ಸಂಬಳ ಬಂದ ದಿನವೇ ಇಂಚರಳ ಪಾಲು ಮಾನಸಳ ಖಾತೆಗೆ ಹೋಗುತ್ತದೆ. ಉಳಿದದ್ದರಲ್ಲಿ, ತುಂಗಮ್ಮನ ಪೆನ್ಷನ್ನೂ ಸೇರಿಸಿ, ಮನೆ ನಡೆಯುತ್ತದೆ. ಇಂಚರ ಈಜಿಗೆ ಮತ್ತೆ ಸೇರಲಿಲ್ಲ. ಅವಳಿಗೆ ಈಗ ಬ್ಯಾಡ್ಮಿಂಟನ್ ಹುಚ್ಚು.

ತುಂಗಾ ಲೈಟ್ಸನ್ನು ಮುಚ್ಚುವುದಕ್ಕೂ ಅವರ ಸಹಿಯೇ ಬೇಕಾಯಿತು. ಲೈಸೆನ್ಸ್ ಕಚೇರಿಗೆ ಎರಡು ಸಲ ಅಲೆದರು, ಮೂರನೆಯ ಸಲ ಕೆಲಸವಾಯಿತು. ವ್ಯಾಪಾರ ನಿಲ್ಲಿಸಲು ಕಾರಣವೇನು ಎಂದು ಗುಮಾಸ್ತ ಕೇಳಿದಾಗ, ಮಾಲೀಕರಿಗೆ ವಯಸ್ಸಾಗಿದೆ ಅಂತ ಅರವಿಂದ ಬರೆಸಿದ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಅವನಾಗಿಯೇ ಮಾತು ತೆಗೆದ.

“ಅವತ್ತು ಕೋರ್ಟಲ್ಲಿ ನೀನು ‘ನಂದೇ ಅಂಗಡಿ’ ಅಂದಿದ್ದಿದ್ರೆ…”

“ಅಂದಿದ್ದಿದ್ರೆ ಏನಾಗ್ತಿತ್ತು?”

ಅವನು ಬಸ್ಸು ಬರುವ ಕಡೆ ನೋಡಿದ. “ಏನಿಲ್ಲ. ಇನ್ನೊಂದು ವರ್ಷ ಎಳೀತಿತ್ತೇನೋ.”

ನನ್ನಿಂದಲೇ ನಿನ್ನ ಅಂಗಡಿ ಹೋಯಿತು ಅಂತ ನಿನಗೆ ಅನಿಸುತ್ತಾ ಅಂತ ಕೇಳಬೇಕೆಂದು ತುಂಗಮ್ಮನಿಗೆ ಎಷ್ಟೋ ದಿನದಿಂದ ಇತ್ತು. ಈಗ ಕೇಳಬಹುದಿತ್ತು. ಆದರೆ ಅವರಿಗೆ ಮಂಡಿ ನೋಯುತ್ತಿತ್ತು, ಬಸ್ಸೂ ಬಂತು. ಹೆಂಗಸರ ಸೀಟಿನಲ್ಲಿ ಜಾಗ ಸಿಕ್ಕಿತು. ಅರವಿಂದ ಪಕ್ಕದಲ್ಲಿ ಕಂಬಿ ಹಿಡಿದು ನಿಂತ. ಸ್ವಲ್ಪ ದೂರ ಹೋದ ಮೇಲೆ ಬಗ್ಗಿ ಅವರ ತೊಡೆಯ ಮೇಲಿದ್ದ ಕೈಚೀಲವನ್ನು ತಾನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ಅವರು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು.